ತಮ್ಮನನ್ನು ಹನೂರಿಗೆ ಕರೆದೊಯ್ದ ದಿನ

ಯಳಂದೂರಿನಿಂದ ಕೊಳ್ಳೇಗಾಲದ ಮೇಲೆ ಹನೂರಿಗೆ ನಲವತ್ತು ಕಿಲೋಮೀಟರ್ ಚಿಲ್ಲರೆ. ಬಸ್ಸು ಬದಲಾಯಿಸಿಕೊಂಡು ಹೋದರೂ ಎರಡು ಗಂಟೆಗಿಂತ ಹೆಚ್ಚು ಹಿಡಿಯುವುದಿಲ್ಲ. ಕಳೆದ ಮೇ ತಿಂಗಳಲ್ಲಿ ನಾನೂ ನನ್ನ ತಮ್ಮ ಸಿದ್ದರಾಜುವೂ ಅದೇ ದಾರಿಯನ್ನು ಸ್ವಂತ ಕಾರಿನಲ್ಲಿ ಮುಗಿಸಲು ಆರೂವರೆ ಗಂಟೆ ತೆಗೆದುಕೊಂಡೆವು.

ಸಿದ್ದರಾಜು ಲೈನ್‌ಮ್ಯಾನ್ ಆಗಿದ್ದವನು. ಎಂಟು ವರ್ಷದ ಹಿಂದೆ ಹನೂರಿನಾಚೆಯ ಒಂದು ಹಳ್ಳಿಯಲ್ಲಿ ಕಂಬದ ಮೇಲಿದ್ದಾಗ ತಂತಿಗೆ ಕರೆಂಟು ಬಂದು ಕೆಳಗೆ ಬಿದ್ದ. ಬೆನ್ನುಹುರಿ ಹೋಯಿತು. ಕೈಗಳು ಗಟ್ಟಿಯಾಗಿವೆ, ಮಾತು ಚುರುಕಾಗಿದೆ, ಆದರೆ ಎದೆಯಿಂದ ಕೆಳಗೆ ಮೈ ಅವನದಲ್ಲ. ಮುಟ್ಟಿದರೆ ತಿಳಿಯುವುದಿಲ್ಲ, ಬೆವರೂ ಬರುವುದಿಲ್ಲ. ಬೆವರದ ಮೈ ತಾನಾಗಿ ತಣ್ಣಗಾಗುವುದಿಲ್ಲ, ಬಿಸಿಲಿಗೆ ಬಿಟ್ಟರೆ ಜ್ವರ ಏರಿದಂತೆ ಏರುತ್ತ ಹೋಗುತ್ತದೆ ಎಂದು ಮೈಸೂರಿನ ಡಾಕ್ಟರು ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಹಾಗಾಗಿ ಬೇಸಿಗೆಯಲ್ಲಿ ಅವನನ್ನು ಹೊರಗೆ ಕರೆದೊಯ್ಯುವುದೆಂದರೆ ಕಾರಿನ ಏಸಿ ಸರಿಯಾಗಿರಲೇಬೇಕು. ನಾನು ಶಾಲೆಯ ಟೀಚರು. ನಲವತ್ತೈದು ದಾಟಿದ ಮೇಲೆ ಡ್ರೈವಿಂಗ್ ಕಲಿತದ್ದೂ, ಹಳೆಯ ಕಾರೊಂದನ್ನು ಕೊಂಡದ್ದೂ ಅವನಿಗಾಗಿಯೇ.

ಹನೂರಿನಿಂದ ಕರೆ ಬಂದದ್ದು ಒಂದು ಭಾನುವಾರ. ಅವನ ಜೊತೆ ಕೆಲಸ ಮಾಡುತ್ತಿದ್ದ ಮುರುಗೇಶನ ಹೆಂಡತಿ ಸೆಲ್ವಿ ಮಾತಾಡಿದಳು. ಮುರುಗೇಶನಿಗೆ ಗಂಟಲಿನ ಕ್ಯಾನ್ಸರ್, ಆಸ್ಪತ್ರೆಯವರು ಮನೆಗೆ ಕಳಿಸಿದ್ದಾರೆ, ಸಿದ್ದರಾಜುವನ್ನು ಒಮ್ಮೆ ನೋಡಬೇಕೆಂದು ಬರೆದು ತೋರಿಸುತ್ತಿದ್ದಾನೆ ಎಂದಳು. ಆ ಹೆಸರು ಕೇಳಿ ನನಗೆ ಮೈ ಉರಿಯಿತು. ಆ ದಿನ ಕಂಬದ ಕೆಳಗೆ ನಿಂತು, ಇವನಿನ್ನೂ ಮೇಲಿರುವಾಗಲೇ ವಿದ್ಯುತ್ ಸ್ಟೇಷನ್ನಿಗೆ ಫೋನ್ ಮಾಡಿ ಲೈನಿಗೆ ಕರೆಂಟು ಬಿಡಿಸಿದವನು ಅವನೇ. ಅದಕ್ಕಾಗಿ ಅವನನ್ನು ಕೆಲಸದಿಂದ ತೆಗೆದಿದ್ದರು. ಅಪಘಾತವಾದ ವರ್ಷ ಹಣ್ಣಿನ ಚೀಲ ಹಿಡಿದು ನಮ್ಮ ಮನೆ ಬಾಗಿಲಿಗೆ ಬಂದವನನ್ನು ನಾನು ಹೊಸಿಲು ದಾಟಲು ಬಿಟ್ಟಿರಲಿಲ್ಲ.

"ಓಗವಾ ಅಕ್ಕ" ಎಂದ ಸಿದ್ದರಾಜು. ಎಂಟು ವರ್ಷದಲ್ಲಿ ಅವನು ಎಲ್ಲಿಗಾದರೂ ಹೋಗೋಣ ಎಂದು ತಾನಾಗಿ ಕೇಳಿದ್ದು ಅದೇ ಮೊದಲು. ನಾನು ಬೇಡವೆನ್ನಲಾರದೆ ಹೋದೆ.

ಕಾರಿನ ಏಸಿಯ ಕಂಪ್ರೆಸರ್ ಮಾರ್ಚಿನಲ್ಲೇ ಕೆಟ್ಟಿತ್ತು. ಚಾಮರಾಜನಗರದ ಒಂದು ಅಂಗಡಿಯಲ್ಲಿ ಬೇರೆಯದನ್ನು ಹಾಕಿಸಿದೆ. ಕಾರು ಕೈಗೆ ಬಂದಾಗ ಬಸ್ ನಿಲ್ದಾಣದವರೆಗೆ ಓಡಿಸಿ ನೋಡಿದೆ. ಐಸಿನ ಹಾಗೆ ಗಾಳಿ ಬಂತು. ನನಗೆ ಅಷ್ಟೇ ಸಾಕಾಗಿತ್ತು.

ಬುಧವಾರ ಹೊರಟೆವು. ಬೆಳಕು ಹರಿಯುವ ಮುಂಚೆಯೇ ಹೊರಡುವುದು ಜಾಣತನ, ಆದರೆ ಸಿದ್ದರಾಜುವಿನ ಬೆಳಗಿನ ಕೆಲಸಗಳೆಲ್ಲ ಮುಗಿಯುವಾಗ ಒಂಬತ್ತು ಗಂಟೆ. ಗಾಲಿಕುರ್ಚಿಯಿಂದ ಕಾರಿನ ಮುಂದಿನ ಸೀಟಿಗೆ ಹಲಗೆ ಇಟ್ಟೆ. ಅವನು ಕೈಯೂರಿ ಜರುಗಿ ಕೂತ. ಕಾಲುಗಳನ್ನು ನಾನು ಎತ್ತಿ ಒಳಗಿಟ್ಟೆ. ಡಿಕ್ಕಿಯಲ್ಲಿ ಮಡಿಸಿದ ಕುರ್ಚಿ, ಐದು ಲೀಟರ್ ನೀರು, ನಾಲ್ಕು ಟವೆಲ್, ಥರ್ಮಾಮೀಟರ್, ಡಬ್ಬಿಯಲ್ಲಿ ಮೊಸರನ್ನ. ಒಂಬತ್ತೂವರೆಗೆ ಸುವರ್ಣಾವತಿಯ ಸೇತುವೆ ದಾಟಿದಾಗ ಹೊಳೆಯಲ್ಲಿ ಮರಳು ಬಿಟ್ಟರೆ ಅಲ್ಲಲ್ಲಿ ನಿಂತ ನೀರಷ್ಟೇ ಕಂಡಿತು. ಒಳಗೆ ತಂಪಾಗಿತ್ತು. ಸಿದ್ದರಾಜು ಕಿಟಕಿಯಾಚೆಯ ಒಂದೊಂದು ಕಂಬವನ್ನೂ ತಲೆಯೆತ್ತಿ ನೋಡುತ್ತಿದ್ದ.

ಮಾಂಬಳ್ಳಿಯ ಹತ್ತಿರ ಗಾಳಿ ಬದಲಾಯಿತು. ಮೊದಲು ತಂಪು ಕಡಿಮೆಯಾಯಿತು, ಎರಡು ನಿಮಿಷದಲ್ಲಿ ಬಿಸಿಗಾಳಿಯೇ ಬರತೊಡಗಿತು. ಗುಂಡಿ ತಿರುಗಿಸಿದೆ, ಆರಿಸಿ ಹಾಕಿದೆ, ಪ್ರಯೋಜನವಾಗಲಿಲ್ಲ. ಕಿಟಕಿ ಇಳಿಸಿದರೆ ಒಲೆಯ ಬಾಯಿ ತೆರೆದಂತಾಯಿತು. ಹುಣಸೆಮರದ ನೆರಳಿಗೆ ಕಾರು ನಿಲ್ಲಿಸಿ, ಟವೆಲ್ ನೆನೆಸಿ ಅವನ ತಲೆ, ಕತ್ತು, ತೋಳಿಗೆ ಹೊದಿಸಿದೆ. ಕುಂತೂರಿನ ಫ್ಯಾಕ್ಟರಿಗೆ ಕಬ್ಬು ಹೊತ್ತ ಟ್ರ್ಯಾಕ್ಟರೊಂದು ಧೂಳೆಬ್ಬಿಸಿ ಹೋಯಿತು. ಹತ್ತು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಿದಾಗ ಏಸಿ ಏನೂ ಆಗಿಲ್ಲವೆಂಬಂತೆ ತಣ್ಣಗೆ ಬೀಸಿತು. ಚಾಮರಾಜನಗರದ ಅಂಗಡಿಗೆ ಫೋನ್ ಮಾಡಿದೆ. "ಗ್ಯಾಸ್ ಫುಲ್ ಹಾಕಿದೀವಿ ಮೇಡಂ, ಇನ್ನೊಂದ್ಸಲ ತಕಬನ್ನಿ ನೋಡಣ" ಎಂದರು. ಇನ್ನೊಂದು ಸಲ ಹೋಗುವಷ್ಟು ಸಮಯ ನಮಗಿರಲಿಲ್ಲ.

ಕೊಳ್ಳೇಗಾಲ ಮುಟ್ಟುವಷ್ಟರಲ್ಲಿ ಏಸಿ ಮತ್ತೆ ಕೈಕೊಟ್ಟಿತ್ತು. ಪೇಟೆಯ ಒಂದು ಗ್ಯಾರೇಜಿನವರು ಬಾನೆಟ್ ಎತ್ತಿ, ಪೈಪು ಮುಟ್ಟಿ, ಗ್ಯಾಸ್ ಕಮ್ಮಿಯಾಗಿದೆ ಎಂದು ತೀರ್ಪು ಕೊಟ್ಟರು. ಮುಕ್ಕಾಲು ಗಂಟೆ ಕಾಯಿಸಿ ಇನ್ನಷ್ಟು ಗ್ಯಾಸ್ ತುಂಬಿದರು. ಒಳಗೆ ಮತ್ತೆ ತಂಪಾಯಿತು. ನಾನು ನಿಟ್ಟುಸಿರು ಬಿಟ್ಟು ಹನೂರು ರಸ್ತೆ ಹಿಡಿದೆ. ಮಧುವನಹಳ್ಳಿ ಬರುವಷ್ಟರಲ್ಲಿ ಅದೇ ಬಿಸಿಗಾಳಿ. ಸಿದ್ದರಾಜುವಿನ ಮುಖ ಕೆಂಪಾಗಿತ್ತು. ಥರ್ಮಾಮೀಟರ್ ನೂರಾ ಒಂದು ದಾಟಿ ತೋರಿಸಿತು.

ರಸ್ತೆ ಬದಿಯಲ್ಲಿ ಎಳನೀರು ಮಾರುತ್ತಿದ್ದವನು ನಮ್ಮ ಅವಸ್ಥೆ ನೋಡಿ, "ಮುಂದ್ಕ ಓದ್ರ ಎಡಕ್ಕ ರಾಚಪ್ಪನ ಶೆಡ್ಡು ಸಿಕ್ತದ, ಅಲ್ಲಿ ತೋರ್ಸಿ" ಎಂದ.

ರಾಚಪ್ಪ ಅರವತ್ತರ ಆಸುಪಾಸಿನ ಮನುಷ್ಯ. ಶೆಡ್ಡಿನ ಹಿಂದೆಯೇ ಅವನ ಹೆಂಚಿನ ಮನೆ. ನಾನು ಕಾರಿನ ಕಥೆ ಹೇಳಲು ಬಾಯಿ ತೆರೆಯುವ ಮುಂಚೆ ಅವನು ಒಳಗೆ ಕೂತವನನ್ನು ನೋಡಿದ. "ಮೊದ್ಲು ಇವರ ಒಳಕ್ಕ ಕರ್ಕಳವ್ವ, ಕಾರು ಆಮೇಕ" ಎಂದ. ಅವನೂ ನಾನೂ ಸೇರಿ ಸಿದ್ದರಾಜುವನ್ನು ಕುರ್ಚಿಗೆ ಇಳಿಸಿ ಮನೆಯೊಳಗೆ ತಳ್ಳಿಕೊಂಡು ಹೋದೆವು. ನಡುಮನೆಯ ನೆಲ ತಣ್ಣಗಿತ್ತು. ರಾಚಪ್ಪನ ಹೆಂಡತಿ ಫ್ಯಾನು ಹಾಕಿ, ಕೇಳದೆಯೇ ಒಂದು ಬಕೆಟ್ ನೀರು ತಂದಿಟ್ಟರು.

ಆಮೇಲೆ ಅವನು ಕಾರಿನ ಹತ್ತಿರ ಬಂದು ಬಾನೆಟ್ಟಿಗೆ ಕೈ ಹಾಕದೆ ನನ್ನನ್ನೇ ಕೇಳತೊಡಗಿದ.

"ಎಸ್ಟೊತ್ತು ತಣ್ಣಗಿರ್ತದ?"

"ಕಾಲು ಗಂಟೆ. ಕೆಲವು ಸಲ ಇಪ್ಪತ್ತು ನಿಮಿಷ."

"ಕೆಟ್ಟಾಗ ಗಾಳಿ ಬರದೇ ನಿಂತೋಯ್ತದಾ? ಇಲ್ಲ, ಗಾಳಿ ಜೋರಾಗೇ ಬಂದು ತಂಪು ಮಾತ್ರ ಇರಲ್ವಾ?"

ನಾನು ಯೋಚಿಸಿದೆ. ಗಾಳಿಯ ಜೋರು ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಬಿಸಿಯಾಗಿತ್ತು, ಅಷ್ಟೇ. ಹೇಳಿದೆ.

"ನಿಲ್ಸಿ ಸೊಲ್ಪೊತ್ತು ಬುಟ್ರ ಸರಿಯಾಯ್ತದ?"

"ಹೌದು."

"ರಿಪೇರಿ ಮಾಡ್ದೋರು ಡ್ರೈಯರ್ ಬದ್ಲಾಯ್ಸುದ್ರಾ?"

ಆ ಹೆಸರನ್ನೇ ನಾನು ಕೇಳಿರಲಿಲ್ಲ. ಬಿಲ್ಲು ತೋರಿಸಿದೆ. ಅದರಲ್ಲಿ ಕಂಪ್ರೆಸರ್ ಮತ್ತು ಗ್ಯಾಸ್ ಎರಡೇ ಇದ್ದವು. ಅವನು ತಲೆಯಾಡಿಸಿದ. ಆದರೂ ತೀರ್ಮಾನಕ್ಕೆ ಬರದೆ ಒಂದೊಂದಾಗಿ ನೋಡಿದ. ಮುಂದಿನ ಫ್ಯಾನು ತಿರುಗುತ್ತಿತ್ತು. ಕಂಪ್ರೆಸರ್ ಟಕ್ ಎಂದು ಹಿಡಿದುಕೊಳ್ಳುತ್ತಿತ್ತು. ಗ್ಯಾಸಿನ ಒತ್ತಡ ನೋಡುವ ಮೀಟರು ಸಿಕ್ಕಿಸಿ, ಇಂಜಿನ್ ಚಾಲೂ ಇಟ್ಟು ಕಾದ. ಹದಿನೈದು ನಿಮಿಷಕ್ಕೆ ಒಂದು ಮುಳ್ಳು ಮೆಲ್ಲಗೆ ಕೆಳಗಿಳಿದು ಸೊನ್ನೆಗೆ ಬಂತು. ಒಳಗೆ ಗಾಳಿ ಬಿಸಿಯಾಯಿತು. ಆಗ ಹೆಂಡತಿಯನ್ನು ಕೂಗಿ ಬಿಸಿನೀರು ತರಿಸಿ, ಅದರಲ್ಲಿ ಬಟ್ಟೆ ಅದ್ದಿ, ಎರಡು ಪೈಪು ಕಾರಿನೊಳಕ್ಕೆ ಹೋಗುವ ಕಡೆ ಇದ್ದ ಒಂದು ಸಣ್ಣ ವಾಲ್ವಿಗೆ ಸುತ್ತಿದ. ನಿಮಿಷ ಕಳೆಯುವುದರೊಳಗೆ ಮುಳ್ಳು ಎದ್ದಿತು. ನಾನು ಒಳಗೆ ಕೈಯಿಟ್ಟೆ. ಗಾಳಿ ಮತ್ತೆ ತಣ್ಣಗೆ ಬರುತ್ತಿತ್ತು.

"ಕಂಡ್ರಾ? ಒಳಗ ನೀರಿನ ಪಸೆ ಸೇರ್ಕಂಡದ. ಪೈಪು ಬಿಚ್ಚಿ ಅಂಗೇ ಬುಟ್ಟವ್ರೆ, ವ್ಯಾಕ್ಯೂಮ್ ಸರಿಯಾಗಿ ಎಳ್ದಿಲ್ಲ. ಆ ಪಸೆ ಈ ವಾಲ್ವಿನ ಸಣ್ಣ ತೂತಲ್ಲಿ ಐಸಾಗಿ ಕಟ್ಕತದ. ಐಸು ಕಟ್ಟುದ್ರ ಗ್ಯಾಸು ಓಗಲ್ಲ. ನಿಲ್ಸುದ್ರ ಕರಗ್ತದ, ತಿರ್ಗ ಓಡ್ತದ. ಇವತ್ತು ಇನ್ನೊಬ್ಬ ಪುಣ್ಯಾತ್ಮ ಮ್ಯಾಲಿಂದ ಗ್ಯಾಸ್ ತುರುಕವ್ನೆ."

"ಈಗ ಏನು ಮಾಡಬೇಕು?"

"ಗ್ಯಾಸೆಲ್ಲ ತೆಗ್ದು, ಪಸೆ ಈರೋ ಡ್ರೈಯರ್ ಬದ್ಲಾಯ್ಸಿ, ಒಂದೂವರೆ ಗಂಟೆ ವ್ಯಾಕ್ಯೂಮ್ ಪಂಪಾಕಿ ಒಳಗಿನ ಗಾಳಿ ಎಳ್ದು, ಅಳತೆ ನೋಡಿ ಗ್ಯಾಸ್ ತುಂಬ್ಬೇಕು. ಡ್ರೈಯರ್ ಕೊಳ್ಳೇಗಾಲದಿಂದ ತರ್ಬೇಕು. ಮೂರು ಗಂಟೆ ಆಯ್ತದ ಕಣವ್ವ."

ಆಗ ಹನ್ನೆರಡೂಕಾಲು. ಅಷ್ಟರಲ್ಲಿ ಸೆಲ್ವಿಯ ಫೋನು. "ಅಕ್ಕಾ, ಎಲ್ಲಿದೀರ? ಬೆಳಿಗ್ಗೆಯಿಂದ ಉಸ್ರು ಬಾಳ ಕಷ್ಟವಾಗಿದೆ ಅವ್ರಿಗೆ. ಬಾಗ್ಲೇ ನೋಡ್ತಾವ್ರೆ."

ನಾನು ಒಳಗೆ ಹೋಗಿ ಸಿದ್ದರಾಜುವಿಗೆ ಎಲ್ಲ ಹೇಳಿದೆ. ಅವನಿಗೆ ಮೂರು ಗಂಟೆ ಕಾಯುವ ಮನಸ್ಸಿರಲಿಲ್ಲ. "ಕಾಲ್ಗಂಟೆ ಓಡ್ಸು, ಹತ್ನಿಮಿಷ ನಿಲ್ಸು. ಅಂಗೇ ಓಗ್ಬುಡವ. ಇನ್ನೆಸ್ಟು, ಇಪ್ಪತ್ತು ಕಿಲೋಮೀಟ್ರು" ಎಂದ.

"ನಿನ್ನ ಮೈ ನೂರಾ ಒಂದು ಕಾಯ್ತಿದೆ. ಮನೆಗೆ ಹೋಗೋಣ ಸಿದ್ದು. ನಿನ್ನ ಈ ಗತಿಗೆ ತಂದವನಿಗಾಗಿ ನೀನು ಸಾಯೋದು ಬೇಡ."

ಅವನು ಹಣೆಯ ಮೇಲಿನ ಒದ್ದೆ ಟವೆಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ. ರಾಚಪ್ಪನ ಹೆಂಡತಿ ಅಡುಗೆಮನೆಯಲ್ಲಿದ್ದರು. ಮೆಲ್ಲಗೆ ಹೇಳಿದ.

"ಅವ ತಂದಿಲ್ಲ ಅಕ್ಕ. ಅವತ್ತು ಕಂಬದ್ಮೇಲಿಂದ ನಾನೇ 'ಆಯ್ತು' ಅಂತ ಕೂಗ್ದೆ. ತಂತಿ ಕಟ್ಟಿದ್ದಾಗಿತ್ತು, ಕರೆಂಟು ಬುಡ್ಸು ಅಂತ. ಕೂಗುದ್ಮೇಲೆ ಇನ್ನೊಂದು ಕಡೆ ಸಡ್ಲ ಕಂಡ್ತು. ಒಂದ್ನಿಮ್ಸದ ಕೆಲ್ಸ ಅಂತ ಅವನ್ಗ ಒಂದ್ಮಾತೂ ಯೋಳ್ದೆ ತಿರ್ಗ ಕೈ ಆಕ್ದೆ. ಅಷ್ಟೊತ್ಗ ಅವ ಸ್ಟೇಷನ್‌ಗ ಯೋಳ್ಬುಟ್ಟಿದ್ದ."

ನಾನು ಅವನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ.

"ಆಸ್ಪತ್ರೆಗ ಆಫೀಸ್ರು ಬಂದು ಕೇಳುದ್ರಲ್ಲ. ನೀನು ಕೂಗಿದ್ಯಾ ಅಂತ. ಕೂಗ್ಲಿಲ್ಲ ಅಂದೆ. ತಪ್ಪು ನಂದಾದ್ರ ಪರಿಹಾರ ಕೊಡಲ್ಲ, ಕೈಬುಡ್ತಾರೆ, ನನ್ನ ಸಾಕೋ ನಿನ್ನ ಗತಿಯೇನು ಅಂತ ಎದ್ರಿಕೆ ಆಯ್ತು. ನಾನು ಇಳಿಯೋ ಗಂಟ ಅವ ಕಾಯ್ಬೇಕಿತ್ತು, ಅದು ಅವನ ತಪ್ಪು. ಆದ್ರ ನಾನು ಕೂಗ್ದೆ ಅಂತ ಅವ ಯೋಳಿದ್ದು ದಿಟ. ನಾನು ಅದ್ನ ಸುಳ್ಳು ಮಾಡ್ಬುಟ್ಟೆ."

ನಾನು ಎದ್ದು ಹೊರಗೆ ಬಂದೆ. ಶೆಡ್ಡಿನ ನೆರಳಿನಲ್ಲಿ ನಿಂತೆ. ಬಾಗಿಲಲ್ಲಿ ಹಣ್ಣಿನ ಚೀಲ ಹಿಡಿದು ನಿಂತ ಮುರುಗೇಶನ ಮುಖ ಕಣ್ಣಮುಂದೆ ಬಂತು. ಅವನು ಅವತ್ತು ಒಂದೇ ಮಾತು ಹೇಳಿದ್ದ: "ಟೀಚರಮ್ಮ, ಅವ್ನ ಒಂದ್ಸಲ ಕೇಳಿ." ನಾನು ಕೇಳದೆ ಬಾಗಿಲು ಹಾಕಿಕೊಂಡಿದ್ದೆ. ಆಮೇಲೆ ಎಂಟು ವರ್ಷ, ಯಾರು ಕೇಳಿದರೂ ಅದೇ ಕಥೆಯನ್ನು ನಾನೇ ಊರಿಗೆಲ್ಲ ಹೇಳಿದ್ದೆ. ತಮ್ಮನ ಮೇಲೆ ಸಿಟ್ಟು ಬಂತು.

ರಾಚಪ್ಪ ಬೈಕು ಹೊರಡಿಸುತ್ತ ನನ್ನ ಕಡೆ ನೋಡಿದ. "ಏನ್ ಮಾಡ್ಲವ್ವ? ತರ್ಲಾ?"

"ತನ್ನಿ" ಎಂದೆ. "ಸರಿಯಾಗಿಯೇ ಮಾಡಿ. ಎಷ್ಟು ಹೊತ್ತಾದರೂ ಆಗಲಿ, ನಾವು ಹನೂರಿಗೆ ಹೋಗಲೇಬೇಕು."

ಆ ಮೂರು ಗಂಟೆ ನಾನು ತಮ್ಮನಿಗೆ ನೀರು ಕುಡಿಸಿದೆ, ಟವೆಲ್ ಬದಲಾಯಿಸಿದೆ, ಮೊಸರನ್ನ ತಿನ್ನಿಸಿದೆ. ಅವನ ಜೊತೆ ಮಾತಾಡಲಿಲ್ಲ. ಅವನೂ ಕ್ಷಮೆ ಕೇಳಲಿಲ್ಲ. ಹೊರಗೆ ವ್ಯಾಕ್ಯೂಮ್ ಪಂಪು ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಎರಡು ಗಂಟೆಗೆ ಜ್ವರ ನೂರಕ್ಕಿಳಿಯಿತು, ಮೂರಕ್ಕೆ ಇನ್ನೂ ಕೆಳಗೆ. ಗ್ಯಾಸು ತುಂಬಿದ ಮೇಲೂ ರಾಚಪ್ಪ ಕೀಲಿ ಕೊಡಲಿಲ್ಲ. ಬಿಸಿಲಿನಲ್ಲೇ ಇಪ್ಪತ್ತೈದು ನಿಮಿಷ ಇಂಜಿನ್ ಓಡಿಸಿ, ಮುಳ್ಳು ಅಲ್ಲಾಡದ್ದನ್ನು ನನಗೂ ತೋರಿಸಿ, ಆಮೇಲೆ ಸಿದ್ದರಾಜುವನ್ನು ಕೂರಿಸಿದ. ಅವನ ಹೆಂಡತಿ ಒಂದು ಬಾಟಲಿ ಮಜ್ಜಿಗೆ ಕೊಟ್ಟರು.

ಕಾಮಗೆರೆ ದಾಟಿದೆವು. ಬಲಕ್ಕೂ ಎಡಕ್ಕೂ ಬೋಳು ಹೊಲಗಳು, ದೂರದಲ್ಲಿ ಬೆಟ್ಟದ ಸಾಲು. ನನ್ನ ಕಣ್ಣು ರಸ್ತೆಯ ಮೇಲಿದ್ದರೂ ಕೈ ಮತ್ತೆ ಮತ್ತೆ ಗಾಳಿಯ ಕಿಂಡಿಗೆ ಹೋಗುತ್ತಿತ್ತು. ಕಾಲು ಗಂಟೆಯಾಯಿತು, ಇಪ್ಪತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ತಂಪು ಹಾಗೆಯೇ ಇತ್ತು. ನಾಲ್ಕು ಗಂಟೆಗೆ ಹನೂರು ಸೇರಿದೆವು.

ಮುರುಗೇಶನ ಮನೆ ಊರಿನ ಅಂಚಿನಲ್ಲಿತ್ತು. ರಸ್ತೆಯಿಂದ ಐದು ಮೆಟ್ಟಿಲು ಎತ್ತರ, ಮೇಲೆ ಶೀಟಿನ ಸೂರು. ಕರೆಂಟು ಹೋಗಿತ್ತು. ಸಿದ್ದರಾಜುವನ್ನು ಏಸಿ ಓಡುತ್ತಿದ್ದ ಕಾರಿನಲ್ಲೇ ಬಿಟ್ಟು ನಾನು ಒಳಗೆ ಕಾಲಿಟ್ಟೆ. ಕುಲುಮೆಯಂತೆ ಕಾದಿತ್ತು. ಮಂಚದ ಮೇಲೆ ಕೂತು ಉಸಿರಿಗೆ ಒದ್ದಾಡುತ್ತಿದ್ದವನನ್ನು ನಾನು ಗುರುತಿಸಲೇ ಇಲ್ಲ. ಗಂಟಲಿಗೆ ಸಣ್ಣ ಕೊಳವೆ ಹಾಕಿದ್ದರು. ಸೆಲ್ವಿ ರಟ್ಟಿನಿಂದ ಗಾಳಿ ಬೀಸುತ್ತಿದ್ದಳು.

"ಸಿದ್ದರಾಜುವನ್ನ ಈ ಮೆಟ್ಟಿಲು ಹತ್ತಿಸೋಕಾಗಲ್ಲ ಸೆಲ್ವಿ. ಒಳಗಿನ ಬಿಸಿ ಅವನಿಗೆ ತಡೆಯೋದೂ ಇಲ್ಲ" ಎಂದೆ. "ಇವರನ್ನೇ ಕಾರಿಗೆ ಕರಕೊಂಡು ಬರೋಣವಾ? ಕಾರು ತಂಪಾಗಿದೆ."

ಅವಳು ಗಂಡನ ಮುಖ ನೋಡಿದಳು. ಅವನು ತಲೆಯಾಡಿಸಿದ. "ಮೆದುವಾ, ಮೆದುವಾ" ಎಂದು ತಮಿಳಿನಲ್ಲಿ ಹೇಳುತ್ತ ಅವಳು ಒಂದು ತೋಳು ಹಿಡಿದಳು, ನಾನು ಇನ್ನೊಂದು. ನಿಧಾನವಾಗಿ ಐದು ಮೆಟ್ಟಿಲು ಇಳಿಸಿ ಡ್ರೈವರ್ ಸೀಟಿನಲ್ಲಿ ಕೂರಿಸಿದೆವು. ಅವನು ಬರೆದು ತೋರಿಸುವ ನೋಟ್‌ಬುಕ್ಕನ್ನೂ ಪೆನ್ನನ್ನೂ ಸೆಲ್ವಿ ಒಳಗಿಂದ ತಂದು ಅವನ ತೊಡೆಯ ಮೇಲಿಟ್ಟಳು. ನಾವಿಬ್ಬರೂ ಹಿಂದೆ ಕೂತೆವು. ಬಾಗಿಲು ಮುಚ್ಚಿದ ಮೇಲೆ ಮುರುಗೇಶ ಕಿಂಡಿಯ ಮುಂದೆ ಮುಖವಿಟ್ಟು ಬಹಳ ಹೊತ್ತು ಕಣ್ಣುಮುಚ್ಚಿಕೊಂಡಿದ್ದ.

"ಮುರುಗೇಶ" ಎಂದ ಸಿದ್ದರಾಜು. "ಅವತ್ತು ನಾನು ಕೂಗಿದ್ದೆ ಕಣ್ಲಾ. ನೀನು ಕೇಳಿಸ್ಕಂಡಿದ್ದು ದಿಟ. ಎಲ್ಲಾರ ಮುಂದೂ ಸುಳ್ಳು ಯೋಳ್ಬುಟ್ಟೆ."

ಮುರುಗೇಶ ತೊಡೆಯ ಮೇಲಿದ್ದ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದ. ಅಕ್ಷರಗಳು ಸೊಟ್ಟಸೊಟ್ಟವಾಗಿದ್ದವು: "ಜೋರಾಗಿ ಕೂಗಿದ್ಯಾ?"

"ಜೋರಾಗೇ ಕೂಗ್ದೆ. 'ಆಯ್ತು' ಅಂದೆ."

ಮುರುಗೇಶನ ಭುಜಗಳು ಅಲುಗಿದವು. ಕೊಳವೆಯಿಂದ ಸುಯ್ಯೆಂದು ಗಾಳಿ ಬಂತು. ಅಳುತ್ತಿದ್ದಾನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಸೆಲ್ವಿ ಹಿಂದಿನಿಂದ ಅವನ ಬೆನ್ನಿನ ಮೇಲೆ ಕೈಯಿಟ್ಟಳು.

"ಎಲ್ಲಾರೂ ಇಲ್ಲ ಇಲ್ಲ ಅಂದು ಅಂದು, ಇವ್ರಿಗೇ ಅನುಮಾನ ಬಂದ್ಬುಡ್ತು. ಊಟಕ್ಕೆ ಕೂತಾಗ ಕೇಳೋರು, 'ಸೆಲ್ವಿ, ನಾನು ದಿಟವಾಗ್ಲೂ ಕೇಳಿಸ್ಕಂಡ್ನಾ' ಅಂತ. ನಾನೇನ್ ಯೋಳ್ಲಿ? ನಾನಲ್ಲಿ ಇದ್ನಾ? ವೈರಿಂಗ್ ಕೆಲ್ಸಕ್ಕೂ ಯಾರೂ ಕರೀತಿರ್ಲಿಲ್ಲ. ಗೆಳೆಯನ್ನೇ ಕೆಡವ್ದೋನು ಅನ್ನೋರು" ಎಂದಳು. ಆಮೇಲೆ ದನಿ ಗಟ್ಟಿಯಾಯಿತು. "ಇದ್ನ ಎಂಟು ವರ್ಸದ್ ಮುಂಚೇನೇ ಯೋಳ್ಬೋದಿತ್ತಲ್ಲಣ್ಣ ನೀವು?"

ಮುರುಗೇಶ ಮತ್ತೆ ಬರೆದ: "ನೀನು ಇಳಿಯೋವರೆಗೆ ನಾನು ಕಾಯಬೇಕಿತ್ತು." ಅದನ್ನು ತೋರಿಸಿ, ಪೆನ್ನು ಕೆಳಗಿಟ್ಟು, ಸಿದ್ದರಾಜುವಿನ ಮೊಣಕಾಲಿನ ಮೇಲೆ ಕೈಯಿಟ್ಟ. ಅಲ್ಲಿ ಮುಟ್ಟಿದರೆ ಅವನಿಗೆ ತಿಳಿಯುವುದಿಲ್ಲ. ಆದರೆ ಸಿದ್ದರಾಜು ನೋಡಿದ, ಆ ಕೈಯ ಮೇಲೆ ತನ್ನ ಕೈ ಇಟ್ಟ.

ನಾನು ಮುರುಗೇಶನಿಗೆ ಹೇಳಿದೆ: "ಅವತ್ತು ಬಾಗಿಲಿಂದ ಕಳಿಸಿದೆ. ನನ್ನದು ದೊಡ್ಡ ತಪ್ಪಾಯಿತು." ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ ತಲೆ ತೂಗಿದ.

"ಬಾಯಲ್ಲಿ ಯೋಳುದ್ರ ಸಾಲ್ದು ಅಕ್ಕ" ಎಂದಳು ಸೆಲ್ವಿ. "ಬರ್ದು ಕೊಡಿ. ನಮ್ಗೇನೂ ಬ್ಯಾಡ. ಇವ್ರು ಸುಳ್ಳು ಯೋಳ್ಲಿಲ್ಲ ಅನ್ನೋದು ಕಾಗ್ದದಲ್ಲಿರ್ಲಿ."

ಸಿದ್ದರಾಜು ಹೇಳುತ್ತ ಹೋದ, ನಾನು ಅದೇ ನೋಟ್‌ಬುಕ್ಕಿನ ಹಾಳೆಗಳಲ್ಲಿ ಎರಡು ಪ್ರತಿ ಬರೆದೆ. ಒಂದು ಆಫೀಸಿಗೆ, ಒಂದು ಅವರಿಗೆ. ಅವನು ಎರಡಕ್ಕೂ ಸಹಿ ಹಾಕಿದ. ಬರೆದು ಮುಗಿಸಿ ತಲೆಯೆತ್ತಿದಾಗ ಮುರುಗೇಶ ಸೀಟಿಗೊರಗಿ ನಿದ್ದೆಹೋಗಿದ್ದ. ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ ಎಂದಳು ಸೆಲ್ವಿ. ಎಬ್ಬಿಸಬಾರದೆಂದು ಸಿದ್ದರಾಜು ಸನ್ನೆ ಮಾಡಿದ. ಇಂಜಿನ್ ಓಡುತ್ತಲೇ ಇತ್ತು. ಮುಕ್ಕಾಲು ಗಂಟೆ ನಾವು ಮೂವರೂ ಅವನ ಎದೆ ಏರಿಳಿಯುವುದನ್ನು ನೋಡುತ್ತ ಕೂತಿದ್ದೆವು.

ಬಿಸಿಲು ತಗ್ಗಿ, ಕರೆಂಟು ಬಂದ ಮೇಲೆ ಅವನನ್ನು ಒಳಗೆ ಮಲಗಿಸಿದೆವು. ಸೆಲ್ವಿ ಕಾಫಿ ಕೊಟ್ಟಳು. ಸಿದ್ದರಾಜುವಿಗೆ ಕಿಟಕಿಯಲ್ಲೇ ಲೋಟ ಹಿಡಿದುಕೊಟ್ಟಳು, ಆದರೆ ಅವನ ಮುಖ ನೋಡಲಿಲ್ಲ. ಅದನ್ನು ಬಯಸಲು ನಮಗೂ ಹಕ್ಕಿರಲಿಲ್ಲ.

ಆರು ಗಂಟೆಗೆ ಹೊರಟೆವು. ತಿರುವಿನಲ್ಲಿ ಕಾರು ನಿಲ್ಲಿಸಿ ಹಿಂದೆ ನೋಡಿದೆ. ಅಕ್ಕಪಕ್ಕದ ಮನೆಯವರು ಏಳೆಂಟು ಜನ ಮೆಟ್ಟಿಲ ಕೆಳಗೆ ಸೇರಿದ್ದರು. ಸೆಲ್ವಿ ಮೇಲಿನ ಮೆಟ್ಟಿಲಲ್ಲಿ ನಿಂತು ನಾವು ಬರೆದುಕೊಟ್ಟ ಹಾಳೆ ಬಿಡಿಸಿ ಹಿಡಿದಿದ್ದಳು.

"ಗ್ಲಾಸ್ ಇಳ್ಸು ಅಕ್ಕ" ಎಂದ ಸಿದ್ದರಾಜು.

ಇಳಿಸಿದೆ. ಅವಳು ಒಂದೊಂದೇ ಮಾತನ್ನು ಬಿಡಿಸಿ, ಬೀದಿಗೆಲ್ಲ ಕೇಳುವಂತೆ ಓದುತ್ತಿದ್ದಳು. ಸಿದ್ದರಾಜು ಎಂಬ ಹೆಸರು ಬಂದಾಗ ಜನ ತಿರುಗಿ ನಮ್ಮ ಕಾರಿನ ಕಡೆ ನೋಡಿದರು. ನನ್ನ ತಮ್ಮ ತಲೆ ತಗ್ಗಿಸಲಿಲ್ಲ. ಅವಳು ಕೊನೆಯ ಸಾಲು ಓದಿ ಮುಗಿಸುವವರೆಗೂ ಅವರ ಕಡೆಗೇ ಮುಖ ಮಾಡಿ ಕೂತಿದ್ದ.